ಕಾಲ ಕೆಳಗಿನ ಗೆರೆ

ಕೆ. ಹೊಸಕೋಟೆಯ ಸಮುದಾಯ ಭವನದ ಊಟದ ಹಾಲಿನಲ್ಲಿ, ಕೈ ತೊಳೆಯುವ ನಲ್ಲಿಗಳ ಪಕ್ಕದ ಗೋಡೆಗೆ ಬೆನ್ನು ತಾಗಿಸಿ, ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ನಾನು ನಿಂತಿದ್ದೆ. ಎರಡು ಸಾವಿರದ ಮೂರನೇ ಇಸವಿಯ ಮೇ ತಿಂಗಳು. ನಮ್ಮ ದೂರದ ನೆಂಟರ ಮನೆಯ ಮದುವೆ. ಎರಡನೇ ಪಂಕ್ತಿ ಊಟಕ್ಕೆ ಕೂತಿತ್ತು. ನನ್ನ ಭುಜದ ಮೇಲೆ ಸ್ಟುಡಿಯೋದ ವಿಡಿಯೋ ಕ್ಯಾಮೆರಾ ಇತ್ತು. ಎಡಕ್ಕೆ ಅಡುಗೆಮನೆಯ ಬಾಗಿಲು, ಬಲಕ್ಕೆ ಸಾಲು ಕಿಟಕಿಗಳು. ಕಿಟಕಿಯ ಬೆಳಕು ನೇರವಾಗಿ ಲೆನ್ಸಿಗೆ ಬೀಳುತ್ತಿತ್ತು. ಅದಕ್ಕೇ ಕ್ಯಾಮೆರಾವನ್ನು ಸ್ವಲ್ಪ ಎಡಕ್ಕೆ ತಿರುಗಿಸಿದೆ. ಅದೇ ಹೊತ್ತಿಗೆ ನನ್ನ ಅಣ್ಣ ತಿಳಿಸಾರಿನ ಬಕೆಟ್ ಹಿಡಿದು ಅಡುಗೆಮನೆಯಿಂದ ಹೊರಗೆ ಬಂದ.

ಎರಡು ಸಾಲು ಟೇಬಲ್ಲುಗಳ ನಡುವೆ ನಡೆದು ಅವನು ಆಚೆ ತುದಿಗೆ ಹೋದ. ಬಡಿಸುವುದು ಆ ತುದಿಯಿಂದ ಶುರುವಾಗಬೇಕಿತ್ತು. ನಾನು ಅವನನ್ನು ತೆಗೆಯುತ್ತಿರಲಿಲ್ಲ, ಪಂಕ್ತಿಯನ್ನು ತೆಗೆಯುತ್ತಿದ್ದೆ. ಉಣ್ಣುವವರ ತಲೆಗಳ ಮೇಲಿಂದ ಅವನ ಬೆನ್ನು, ಭುಜ, ಮಡಚಿದ ತೋಳು ಕಂಡವು. ಟೇಬಲ್ಲುಗಳ ಸಂದಿಯಲ್ಲಿ ಕಾಲು ಕಂಡಿತು. ಟೇಪಿನಲ್ಲಿ ಅದು ಹತ್ತು ಸೆಕೆಂಡಿಗೂ ಕಡಿಮೆ. ಅಣ್ಣ ನಡೆಯುವುದನ್ನು ಹಿಡಿದಿಟ್ಟ ಟೇಪು ಅದೊಂದೇ.

ಅವನಿಗೆ ಕ್ಯಾಮೆರಾ ಆಗುತ್ತಿರಲಿಲ್ಲ. ತಮ್ಮನಾದ ನಾನು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದರೂ ಅವನ ಒಂದು ಒಳ್ಳೆಯ ಫೋಟೋ ಮನೆಯಲ್ಲಿರಲಿಲ್ಲ. ನಾನು ಕ್ಯಾಮೆರಾ ಎತ್ತಿದರೆ ಸಾಕು, "ಆ ಪೆಟ್ಗೆನ ಅತ್ಲಾಗೆ ತಿರುಗ್ಸೋ, ನಾನೇನ್ ಮದ್ವೆ ಗಂಡಾ?" ಎಂದು ಪಕ್ಕಕ್ಕೆ ಸರಿಯುತ್ತಿದ್ದ. ಅವನ ಎಡಗಾಲು ಗಿಡ್ಡ. ತೋಟದಲ್ಲಿ ಸಿಲ್ವರ್ ಮರ ಕಡಿಸುವಾಗ ಕೊಂಬೆಯೊಂದು ಮೊಣಕಾಲಿನ ಮೇಲೆ ಬಿದ್ದಿತ್ತು. ಮೂಳೆ ಕೂಡಿಕೊಂಡಿತು, ಅಳತೆ ಕೂಡಲಿಲ್ಲ. ಎಡಗಾಲು ಊರಿದಾಗ ಅವನ ಸೊಂಟ ಇಳಿಯುತ್ತಿತ್ತು, ಬಲಗಾಲು ಊರಿದಾಗ ಏಳುತ್ತಿತ್ತು. ಕ್ಯಾಮೆರಾದ ಮೇಲಿನ ಸಿಟ್ಟಿಗೆ ಅದೇ ಕಾರಣವೆಂದು ನಾನು ತಿಳಿದಿದ್ದೆ. ಕೇಳಿರಲಿಲ್ಲ.

ನಮ್ಮ ಮನೆ ಆನೇಮಹಲಿನಿಂದ ಒಳಗೆ. ಸ್ವಲ್ಪ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಒಂದು ತುಂಡು ಗದ್ದೆ. ಅಣ್ಣ, ಅತ್ತಿಗೆ, ನಾನು, ಮೂವರೇ. ಆ ವರ್ಷದ ಜುಲೈ ತಿಂಗಳ ಒಂದು ಬೆಳಿಗ್ಗೆ ಅಣ್ಣ ಪೇಟೆಗೆ ಹೊರಟ. ಅವನ ಎಡಗಾಲಿನ ಚಪ್ಪಲಿ ಒಂದೇ ಮಗ್ಗುಲಿಗೆ ಸವೆಯುತ್ತಿತ್ತು. ಅದಕ್ಕೆ ಟೈರಿನ ಅಟ್ಟೆ ಹಾಕಿಸಿಕೊಂಡು ಬರುತ್ತೇನೆ ಎಂದು ಅತ್ತಿಗೆಗೆ ಹೇಳಿದ. ನಾನು ಆಗ ಬಚ್ಚಲಲ್ಲಿದ್ದೆ. ಅವನ ದನಿ ಕೇಳಿದೆ, ಅವನನ್ನು ನೋಡಲಿಲ್ಲ. ಆನೇಮಹಲಿನಲ್ಲಿ ಅವನು ಸಕಲೇಶಪುರದ ಬಸ್ಸು ಹತ್ತಿದ್ದನ್ನು ಅಂಗಡಿಯವರು ನೋಡಿದ್ದಾರೆ. ಇಳಿದದ್ದನ್ನು ಯಾರೂ ನೋಡಿಲ್ಲ. ಚಪ್ಪಲಿ ಹೊಲಿಯುವವರ ಬಳಿಗೆ ಅವನು ಹೋಗಿಲ್ಲ.

ಹೇಮಾವತಿ ತುಂಬಿ ಹರಿಯುತ್ತಿದ್ದ ದಿನಗಳವು. ಕೆಲವರು ಹೊಳೆಯ ಕಡೆ ಕೈ ತೋರಿಸಿದರು. ಕೆಲವರು ಆನೆ ಎಂದರು. ಕಾಡಿನ ಅಂಚು, ತೋಟಗಳ ಬೇಲಿ, ಹೊಳೆಯ ದಡ ಎಲ್ಲವನ್ನೂ ಊರಿನವರು ನಮ್ಮ ಜೊತೆ ಹುಡುಕಿದರು. ಒಂದು ಕೊಡೆಯೂ ಸಿಗಲಿಲ್ಲ, ಒಂದು ಚಪ್ಪಲಿಯೂ ಸಿಗಲಿಲ್ಲ. ಏನೂ ಸಿಗದಿರುವುದನ್ನು ಅತ್ತಿಗೆ ಒಳ್ಳೆಯ ಸುದ್ದಿ ಎಂದು ತೆಗೆದುಕೊಂಡರು. "ಏನಾದ್ರೂ ಆಗಿದ್ರೆ ಏನಾದ್ರೂ ಸಿಕ್ತಿತ್ತು. ಎಲ್ಲೋ ಅವ್ರೆ" ಎಂದರು. ಪೊಲೀಸರಿಗೆ ಕೊಡಲು ಮನೆಯಲ್ಲಿದ್ದದ್ದು ಅವರಿಬ್ಬರ ಮದುವೆಯ ಹಳೆಯ ಫೋಟೋ ಒಂದೇ. ಅದರಲ್ಲಿ ಅಣ್ಣ ಕೋಲಿನಂತೆ ಸಣ್ಣಗಿದ್ದ, ತಲೆತುಂಬ ಕೂದಲಿತ್ತು. ಠಾಣೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ಫೋಟೋ ಇಟ್ಕಂಡು ಹುಡುಕಿದ್ರೆ ನಿಮ್ಮ ಯಜಮಾನ್ರ ಮಗ ಸಿಗ್ಬಹುದು ಕಣಮ್ಮ" ಎಂದರು. ಅಣ್ಣ ಅತ್ತಿಗೆಗೆ ಮಕ್ಕಳಿರಲಿಲ್ಲ ಎಂಬುದು ಠಾಣೆಯವರಿಗೆ ಗೊತ್ತಿರಲಿಲ್ಲ. ಮಾತು ಒರಟಾಗಿದ್ದರೂ ಅದರಲ್ಲಿ ಸುಳ್ಳಿರಲಿಲ್ಲ.

ಟೇಪಿನ ವಿಷಯ ತೆಗೆದದ್ದು ಅತ್ತಿಗೆಯೇ.

"ಹೊಸಕೋಟೆ ಮದ್ವೇಲಿ ಇವ್ರು ಸಾರು ಬಡಿಸಿದ್ರಲ್ಲ. ನೀನು ಕುರ್ಚಿ ಮೇಲೆ ಹತ್ತಿ ಕ್ಯಾಮೆರಾ ಹಿಡ್ಕಂಡಿದ್ದೆ. ಅದ್ರಲ್ಲಿ ಬಂದಿರ್ತಾರೆ, ನೋಡು."

"ಬಂದಿದ್ರೂ ಬೆನ್ನು ಬಂದಿರುತ್ತೆ ಅತ್ತಿಗೆ. ಮುಖ ಇರಲ್ಲ."

"ಮುಖ ಕಟ್ಕಂಡು ಏನ್ ಮಾಡ್ತೀಯ? ಬಸ್ಟ್ಯಾಂಡಲ್ಲಿ ಯಾರು ಯಾರ ಮುಖ ನೋಡ್ತಾರೆ? ನಡಿಗೆ ತೋರ್ಸಿದ್ರೆ ನೂರು ಜನದಾಗೂ ಗುರ್ತು ಹಿಡೀತಾರೆ."

ನಾನು ಕೆಲಸ ಮಾಡುತ್ತಿದ್ದ ಸ್ಟುಡಿಯೋ ಸಕಲೇಶಪುರದ ಪೇಟೆ ಬೀದಿಯಲ್ಲಿ, ಒಂದು ಔಷಧಿ ಅಂಗಡಿಯ ಮಹಡಿಯ ಮೇಲಿತ್ತು. ಅದರ ಯಜಮಾನರು ಬಾಯಿ ಬಡಾಯಿಯ, ಕೈ ಧಾರಾಳದ ಮನುಷ್ಯ. ಎರಡು ವರ್ಷದ ಹಿಂದೆ ಕಂಪ್ಯೂಟರ್ ತಂದು ಎಡಿಟಿಂಗ್ ಶುರು ಮಾಡಿದ್ದರು. ಮದುಮಕ್ಕಳನ್ನು ತಾವರೆ ಹೂವಿನೊಳಗೆ ಕೂರಿಸುವುದು, ಹೃದಯದ ಆಕಾರದಲ್ಲಿ ಕತ್ತರಿಸುವುದು, ಪರದೆಯ ತುಂಬ ಗುಲಾಬಿ ದಳ ಉದುರಿಸುವುದು ನನ್ನ ಕೆಲಸ. ಅತ್ತಿಗೆಯ ಮಾತನ್ನು ಹೇಳಿದ ಕೂಡಲೇ ಅವರು, "ಕೇಬಲ್‌ನೋನು ನನ್ನ ಮಾತು ತೆಗ್ದಾಕಲ್ಲ ಮಾರಾಯ. ಪಿಚ್ಚರ್ ಹಾಡಿನ ಮಧ್ಯ ಮಧ್ಯ ಬಿಡ್ಸೋಣ. ಆದ್ರೆ ಅಷ್ಟು ಜನದ ಮಧ್ಯ ಯಾರು ಅಂತ ಗೊತ್ತಾಗ್ಬೇಕಲ್ಲ? ಗುರ್ತು ಹಾಕು" ಎಂದರು.

ಅತ್ತಿಗೆ ಒಂದು ಮಧ್ಯಾಹ್ನ ಕೊಡೆ ಮಡಚಿಕೊಂಡು ಮಹಡಿ ಹತ್ತಿ ಬಂದರು. ಕಂಪ್ಯೂಟರಿನ ಮುಂದೆ ಅವರು ಕೂತದ್ದು ಅದೇ ಮೊದಲು. ಸೆರಗನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ನಾನು ಟೇಪನ್ನು ಕಂಪ್ಯೂಟರಿಗೆ ಇಳಿಸಿ, ಊಟದ ಭಾಗಕ್ಕೆ ಬಂದು, ಹುಡುಕತೊಡಗಿದೆ. ನನಗೆ ತಲೆಗಳು, ಎಲೆಗಳು, ನೀರಿನ ಲೋಟಗಳು ಕಂಡವು.

"ಅಗಳಪ್ಪ" ಎಂದರು ಅತ್ತಿಗೆ. "ಬಾಗ್ಲಲ್ಲಿ."

ನನಗೆ ಇನ್ನೂ ಕಂಡಿರಲಿಲ್ಲ. ಬಾಗಿಲಿನ ನೆರಳಿನಲ್ಲಿ ಒಂದು ಮೊಣಕೈ ಮಾತ್ರ ಇತ್ತು. ಆಮೇಲೆ ಅಣ್ಣ ಅದರ ಹಿಂದೆ ಬಂದ.

ನಾನು ಚಿತ್ರವನ್ನು ನಿಲ್ಲಿಸಿದೆ. ಅದು ನಿಂತದ್ದು ಅವನ ಎಡಗಾಲು ನೆಲದಿಂದ ಎದ್ದಿದ್ದಾಗ. ಅತ್ತಿಗೆ ಸ್ವಲ್ಪ ಹೊತ್ತು ನೋಡಿ, "ಅಂಗೆ ನಿಲ್ಲಿಸ್ಬ್ಯಾಡ ಕಣಪ್ಪ. ಒಂದೇ ಕಾಲ ಮ್ಯಾಲೆ ನಿಂತವ್ರೆ, ನೋಯ್ತದೆ. ಕಾಲು ಊರ್ಲಿ, ಆಮ್ಯಾಕೆ ನಿಲ್ಸು" ಎಂದರು. ಎರಡು ಫ್ರೇಮು ಮುಂದಕ್ಕೆ ಬಿಟ್ಟೆ. ಕಾಲು ನೆಲಕ್ಕೆ ಬಂತು. ಅವರು ಉಸಿರು ಬಿಟ್ಟರು. ಅಂದಿನಿಂದ ಇಂದಿನವರೆಗೆ ನಾನು ಯಾರ ಚಿತ್ರವನ್ನು ನಿಲ್ಲಿಸುವುದಾದರೂ ಮೊದಲು ಕಾಲು ನೋಡುತ್ತೇನೆ.

ಗುರುತು ಎಂದರೆ ನನಗೆ ಸುತ್ತು. ಟೈಟಲ್ ಹಾಕುವ ಸಾಧನದಲ್ಲಿ ಒಂದು ಕೆಂಪು ವೃತ್ತ ತೆಗೆದು ಅಣ್ಣನ ತಲೆಯ ಸುತ್ತ ಇಟ್ಟೆ.

ಅತ್ತಿಗೆ ಎದ್ದು ನಿಂತುಬಿಟ್ಟರು. "ತೆಗಿ ಅದನ್ನ. ಮೊದ್ಲು ತೆಗಿ."

ಯಜಮಾನರಿಗೆ ಅರ್ಥವಾಗಲಿಲ್ಲ, "ಯಾಕಮ್ಮ? ಕೆಂಪು ಎದ್ದು ಕಾಣ್ತೈತೆ" ಎಂದರು. ನನಗೆ ಆ ಕ್ಷಣದಲ್ಲೇ ಅರ್ಥವಾಯಿತು. ಇದನ್ನು ನಮ್ಮ ಕಡೆಯವರಲ್ಲದವರಿಗೆ ಬಿಡಿಸಿ ಹೇಳಬೇಕು. ಯಾರಾದರೂ ತೀರಿಕೊಂಡಾಗ ತಿಥಿಯ ಕಾರ್ಡಿಗೆ, ಗೋಡೆಗೆ ತೂಗುಹಾಕಲು ಒಂದು ಫೋಟೋ ಬೇಕಾಗುತ್ತದೆ. ಬದುಕಿದ್ದಾಗ ಒಬ್ಬರೇ ನಿಂತು ಫೋಟೋ ತೆಗೆಸಿಕೊಂಡವರು ನಮ್ಮಲ್ಲಿ ಕಡಿಮೆ. ಹಾಗಾಗಿ ಮನೆಯವರು ಯಾವುದೋ ಮದುವೆಯ, ಯಾವುದೋ ಗೃಹಪ್ರವೇಶದ ಗುಂಪು ಫೋಟೋ ತರುತ್ತಿದ್ದರು. ತಪ್ಪಿ ಬೇರೆಯವರನ್ನು ಕತ್ತರಿಸದಿರಲಿ ಎಂದು ಯಜಮಾನರೇ ಅವರಿಗೆ ಹೇಳಿಕೊಟ್ಟಿದ್ದರು: "ಪೆನ್ನಲ್ಲಿ ತಲೆಗೊಂದು ಸುತ್ತು ಹಾಕ್ಕಂಡು ಬನ್ನಿ." ನಾನು ಸುತ್ತಿನೊಳಗಿನ ಮುಖವನ್ನು ಬಿಡಿಸಿ, ದೊಡ್ಡದು ಮಾಡಿ, ಕೆಳಗೆ ಎರಡು ದೀಪ ಇಟ್ಟು ಕೊಡುತ್ತಿದ್ದೆ. ಗುಂಪು ಫೋಟೋ ಮನೆಗೆ ವಾಪಸು ಹೋಗಿ, ಆ ಸುತ್ತಿನ ಸಮೇತ ಗೋಡೆ ಸೇರುತ್ತಿತ್ತು. ವರ್ಷಗಳು ಕಳೆದಂತೆ ಸುತ್ತಲಿನ ಊರುಗಳ ಗೋಡೆಗಳಲ್ಲೆಲ್ಲ ಸುತ್ತು ಬಿದ್ದ ತಲೆ ಎಂದರೆ ಹೋದ ತಲೆ ಎಂದಾಯಿತು. ಆ ಭಾಷೆ ಹುಟ್ಟಿದ್ದು ನಮ್ಮ ಸ್ಟುಡಿಯೋದಲ್ಲೇ. ಅದನ್ನು ಮೊದಲು ಓದಲು ಮರೆತವರೂ ನಾವೇ.

ಸುತ್ತು ತೆಗೆದೆ. ಬಾಣದ ಗುರುತು ತಂದು ಅಣ್ಣನ ಬೆನ್ನಿನ ಕಡೆ ತಿರುಗಿಸಿದೆ.

"ಬಾಣ ಹೊಡ್ದಂಗೈತೆ" ಎಂದರು ಅತ್ತಿಗೆ.

"ಹಂಗಾದ್ರೆ ಹಾರ್ಟ್ ಹಾಕೋಣ್ವಾ? ಮಾಲು ರೆಡಿ ಐತೆ" ಎಂದರು ಯಜಮಾನರು.

"ಥೂ, ನಿಮ್ಮ ವಯಸ್ಸೇನು, ಮಾತೇನು!" ಅತ್ತಿಗೆ ನಕ್ಕರು. ಜುಲೈ ತಿಂಗಳಿನಿಂದೀಚೆಗೆ ನಾನು ಕಂಡ ಮೊದಲ ನಗು ಅದು. ಯಜಮಾನರು ತಮ್ಮ ಕುರ್ಚಿಯಲ್ಲಿ ಹಿಂದಕ್ಕೊರಗಿ ಸಮಾಧಾನದ ಮುಖ ಮಾಡಿದರು. ಬೇಕೆಂದೇ ಹೇಳಿದ್ದರು ಎಂದು ನನಗೆ ಈಗ ಅನ್ನಿಸುತ್ತದೆ.

ನಗು ನಿಂತ ಮೇಲೆ ಅತ್ತಿಗೆ ಪರದೆಯ ಹತ್ತಿರ ಬಾಗಿ ಬೆರಳಿಟ್ಟು ತೋರಿಸಿದರು. "ತಲೆ ತಂಟೆಗೆ ಹೋಗ್ಬ್ಯಾಡ. ಕಾಲ ಕೆಳಗೆ ಒಂದು ಬಿಳೀ ಗೆರೆ ಎಳಿ. ಹಸೆ ಬರ್ದು ನಿಲ್ಲುಸ್ತೀವಲ್ಲ, ಅಂಗೆ. ಹಸೆ ಮ್ಯಾಲೆ ನಿಂತೋರಿಗೆ ಯಾರೂ ಕೆಟ್ಟದ್ದು ಅನ್ನಲ್ಲ."

ಮದುವೆಯಲ್ಲಿ ಗಂಡನ್ನೂ ಹೆಣ್ಣನ್ನೂ ನಿಲ್ಲಿಸುವ ಜಾಗದಲ್ಲಿ ಬಿಳಿಯ ಗೆರೆಗಳಲ್ಲಿ ಹಸೆ ಬರೆಯುವುದು ನಮ್ಮಲ್ಲಿ ಹೆಂಗಸರ ಕೆಲಸ. ಅತ್ತಿಗೆಯ ಕೈ ಅದರಲ್ಲಿ ಪಳಗಿತ್ತು. ಯಜಮಾನರು ನನ್ನ ಮುಖ ನೋಡಿದರು. ನಾನು ಗೆರೆ ಎಳೆದೆ.

ಒಂದು ನಿಂತ ಚಿತ್ರದಲ್ಲಿ ಗೆರೆ ಎಳೆಯುವುದು ಸುಲಭ. ನಡೆಯುವವನ ಜೊತೆ ಗೆರೆಯೂ ನಡೆಯಬೇಕೆಂದರೆ ಬೇರೆ ಕೆಲಸ. ಸೆಕೆಂಡಿಗೆ ಇಪ್ಪತ್ತೈದು ಚಿತ್ರಗಳು. ಎಲ್ಲದರಲ್ಲೂ ಕೈಯಿಂದ ಗುರುತು ಇಡಬೇಕಿಲ್ಲ. ಇಲ್ಲೊಂದು, ಸ್ವಲ್ಪ ದೂರದಲ್ಲಿ ಇನ್ನೊಂದು ಇಟ್ಟರೆ ನಡುವಿನದನ್ನು ಕಂಪ್ಯೂಟರ್ ತಾನೇ ತುಂಬಿಕೊಳ್ಳುತ್ತದೆ. ಹಾಗೆ ಮಾಡಿ ಓಡಿಸಿ ನೋಡಿದೆ. ಗೆರೆ ನೀರಿನ ಮೇಲಿನ ಎಲೆಯಂತೆ ಸಲೀಸಾಗಿ ತೇಲಿಕೊಂಡು ಹೋಯಿತು. ಅಣ್ಣ ಅದರ ಪಕ್ಕದಲ್ಲಿ ಬೇರೆಯಾಗಿ ನಡೆಯುತ್ತಿದ್ದ. ಎರಡು ಗುರುತುಗಳ ನಡುವೆ ಎಲ್ಲರೂ ಸಮವಾಗಿ ನಡೆಯುತ್ತಾರೆ ಎಂದು ಕಂಪ್ಯೂಟರ್ ತಿಳಿದಿತ್ತು. ಅಣ್ಣ ಬಲಗಾಲಿನಲ್ಲಿ ಬೇಗ ದಾಟಿ, ಎಡಗಾಲಿನಲ್ಲಿ ಒಂದಿಷ್ಟು ತಡೆದು ಹೋಗುವವನು. ಕೊನೆಗೆ ಯಂತ್ರ ತುಂಬಿದ್ದನ್ನೆಲ್ಲ ಅಳಿಸಿ, ಒಂದೊಂದು ಚಿತ್ರಕ್ಕೂ ನಾನೇ ಗೆರೆ ಇಟ್ಟೆ.

ಅದಕ್ಕೆ ದಿನಗಳು ಹಿಡಿದವು. ಬೆಳಗಿನ ಹೊತ್ತು ಮದುವೆಗಳ ಕೆಲಸ, ಮಧ್ಯಾಹ್ನ ಊಟವಾದ ಮೇಲೆ ಅಣ್ಣ. ಕರೆಂಟು ಹೋದರೆ ಯುಪಿಎಸ್ ಕೂಗತೊಡಗುತ್ತಿತ್ತು. ಮಾಡಿದಷ್ಟನ್ನು ಉಳಿಸಿ, ಕಂಪ್ಯೂಟರ್ ಆರಿಸಿ ಕಿಟಕಿಯ ಬಳಿ ಕೂರುತ್ತಿದ್ದೆ. ಕೆಳಗೆ ರಸ್ತೆಯಲ್ಲಿ ಕೊಡೆಗಳು ಹೋಗುತ್ತಿದ್ದವು. ಕೊಡೆಯ ಕೆಳಗೆ ಕಾಣುವುದು ಕಾಲು ಮಾತ್ರ.

ಬದುಕಿನ ಇಪ್ಪತ್ತೆಂಟು ವರ್ಷ ಅವನ ಜೊತೆಗೇ ಇದ್ದೆ. ಅಷ್ಟು ಹತ್ತಿರದಿಂದ ನಾನು ಅವನನ್ನು ಹಿಂದೆಂದೂ ನೋಡಿರಲಿಲ್ಲ. ಎಡಗಾಲು ಊರುವ ಮುನ್ನ ಅವನ ಎಡ ಹೆಗಲು ಒಂದು ಕ್ಷಣ ಮೊದಲೇ ಸಿದ್ಧವಾಗುತ್ತಿತ್ತು, ಬರಲಿರುವ ನೋವಿಗೆ ಜಾಗ ಮಾಡಿಕೊಟ್ಟಂತೆ. ನಡುವೆ ಒಂದು ಕಡೆ ಯಾವುದೋ ಮಗುವಿನ ಕೈ ಹಾದಿಗೆ ಅಡ್ಡ ಬರುತ್ತದೆ. ಅವನು ಬಕೆಟ್ಟನ್ನು ಆಚೆಗೆ ಸರಿಸಿ, ಖಾಲಿ ಕೈಯಿಂದ ಆ ಪುಟ್ಟ ಕೈಯನ್ನು ಟೇಬಲ್ಲಿನ ಮೇಲಿಟ್ಟು ಮುಂದೆ ಹೋಗುತ್ತಾನೆ. ಕುರ್ಚಿಯ ಮೇಲೆ ನಿಂತಿದ್ದ ನನಗೆ ಅಂದು ಅದು ಕಂಡಿರಲಿಲ್ಲ. ಒಂದೇ ಒಂದು ಚಿತ್ರದಲ್ಲಿ ಅವನ ಕೆನ್ನೆ ಈ ಕಡೆ ತಿರುಗುತ್ತದೆ, ಆದರೆ ಕಿಟಕಿಯ ಬೆಳಕು ಅದನ್ನು ಅಳಿಸಿಬಿಟ್ಟಿದೆ. ಆ ಬಿಳುಪಿನೊಳಗೆ ಕಣ್ಣು ಎಲ್ಲಿರಬಹುದೆಂದು ಬಹಳ ಹೊತ್ತು ಹುಡುಕಿದ್ದೇನೆ.

ಅತ್ತಿಗೆ ಆಗಾಗ ಬರುತ್ತಿದ್ದರು. ಡಬ್ಬಿಯಲ್ಲಿ ಕಡುಬೋ ಅಕ್ಕಿ ರೊಟ್ಟಿಯೋ ಇರುತ್ತಿತ್ತು. "ಇವತ್ತು ಎಲ್ಲಿಗೆ ಬಂದ್ರು?" ಎಂದು ಕೇಳುತ್ತಿದ್ದರು, ಅಣ್ಣ ದಾರಿಯಲ್ಲಿ ಬರುತ್ತಿರುವಂತೆ. "ಎರಡನೇ ಟೇಬಲ್ ದಾಟಿದ ಅತ್ತಿಗೆ" ಎಂದು ನಾನು ಹೇಳುತ್ತಿದ್ದೆ. ಅವರು ತಲೆಯಾಡಿಸಿ, ಡಬ್ಬಿ ಬಿಚ್ಚಿ, ಯಜಮಾನರಿಗೂ ಒಂದು ಪಾಲು ಎತ್ತಿಡುತ್ತಿದ್ದರು.

ಆಗಸ್ಟಿನ ಕೊನೆಯ ಹೊತ್ತಿಗೆ ಅದು ಕೇಬಲ್ಲಿನಲ್ಲಿ ಬಂತು. ಕೆಳಗೆ ಅಣ್ಣನ ವಯಸ್ಸು, ಎತ್ತರ, ಸ್ಟುಡಿಯೋದ ಫೋನ್ ನಂಬರು. ಮೇಲೆ, ಉಣ್ಣುವ ಜನರ ನಡುವೆ, ಕಾಲ ಕೆಳಗೆ ಬಿಳಿಯ ಗೆರೆ ಇಟ್ಟುಕೊಂಡು ಒಬ್ಬ ಮನುಷ್ಯ ನಡೆದುಹೋಗುತ್ತಿದ್ದ. ತಿರುಗಿ ಮೊದಲಿನಿಂದ ನಡೆಯುತ್ತಿದ್ದ.

ಫೋನುಗಳು ಬರತೊಡಗಿದವು. ಮೊದಲನೆಯದು, "ಯಾವ ಕಂಪ್ನಿ ಚಪ್ಲಿ ಸಾರ್ ಅದು? ಎಲ್ಲಿ ಸಿಗ್ತದೆ?" ಗೆರೆ ನೋಡಿ ಚಪ್ಪಲಿಯ ಜಾಹೀರಾತು ಎಂದುಕೊಂಡಿದ್ದರು. ಯಜಮಾನರು ಫೋನ್ ಕೈಯಲ್ಲಿ ಮುಚ್ಚಿಕೊಂಡು, "ಹೂಂ ಅಂದ್ಬುಡ್ಲಾ?" ಎಂದು ಕಣ್ಣು ಹೊಡೆದರು. ಆಮೇಲೆ ಬಂದವು ನಿಜವಾದ ಫೋನುಗಳು. ಬಾಳ್ಳುಪೇಟೆಯ ಸಂತೆಯಲ್ಲಿ ಕುಂಟುತ್ತಾ ಹೋದವರೊಬ್ಬರು. ಆಲೂರಿನ ಬಸ್ ನಿಲ್ದಾಣದಲ್ಲಿ ಕಾಲೆಳೆಯುತ್ತಾ ಬೀಡಿ ಕೇಳಿದವರೊಬ್ಬರು. ನಾನು ಪ್ರತಿಯೊಂದಕ್ಕೂ ಹೋದೆ. ಸಂತೆಯವರು ಅರವತ್ತು ದಾಟಿದ ಮುದುಕರು. ಆಲೂರಿನವರ ಹಿಮ್ಮಡಿಗೆ ಮುಳ್ಳು ಚುಚ್ಚಿತ್ತು. ನಾನು ಹೋಗುವ ಹೊತ್ತಿಗೆ ಮುಳ್ಳು ತೆಗೆಸಿಕೊಂಡು ನೆಟ್ಟಗೆ ನಡೆಯುತ್ತಿದ್ದರು. ಮೂರು ತಾಲ್ಲೂಕಿನಲ್ಲಿ ಕಾಲು ನೊಂದವರೆಲ್ಲ ಆ ಒಂದು ತಿಂಗಳು ನನ್ನ ಅಣ್ಣನಾಗಿದ್ದರು.

ಮಾರನಹಳ್ಳಿಯ ಫೋನು ಬಂದದ್ದು ಗಣಪತಿ ಹಬ್ಬ ಕಳೆದ ಮೇಲೆ. ಶಿರಾಡಿ ಘಾಟಿಯ ತಲೆಯ ಮೇಲಿನ ಆ ಊರಲ್ಲಿ ರಸ್ತೆ ಬದಿಗೆ ತಗಡಿನ ಹೋಟೆಲು ನಡೆಸುತ್ತಿದ್ದ ಹೆಂಗಸು. ಸಕಲೇಶಪುರದ ತಂಗಿಯ ಮನೆಗೆ ಬಂದಾಗ ಟೀವಿಯಲ್ಲಿ ನೋಡಿದೆ ಎಂದಳು. "ಅದೇ ನಡಿಗೆ ಕಣ್ರೀ. ರೋಡ್ ಗ್ಯಾಂಗಿನ ಜೊತೆ ಬರ್ತಾರೆ. ಮೊನ್ನೆ ಮಳೇಲಿ ಶುರುವಾದ ಕೆಲ್ಸ. ಹತ್ತು ಗಂಟೆಗೆ ಲಾರಿಯಿಂದ ಇಳಿದು ನಮ್ಮ ಮುಂದ್ಲಿಂದ್ಲೇ ನಡ್ಕಂಡು ಹೋಗ್ತಾರೆ. ಮಾತು ಕಮ್ಮಿ."

ಅಣ್ಣನೂ ಹೊರಗಿನವರ ಮುಂದೆ ಮಾತು ಕಮ್ಮಿಯವನೇ. ಗುರುತಿಗೆ ಅದೂ ಸೇರಿಕೊಂಡಿತು. ನಾನೊಬ್ಬನೇ ಹೋಗುತ್ತೇನೆ ಎಂದೆ. ಅತ್ತಿಗೆ ಅಷ್ಟರಲ್ಲಿ ಸೀರೆ ಬದಲಿಸಿಯಾಗಿತ್ತು.

ಹೋಟೆಲಿನ ಮುಂದಿನ ಬೆಂಚಿನ ಮೇಲೆ ನಾವು ಕೂತೆವು. ಮಳೆ ನಿಂತಿತ್ತು, ಮಂಜು ಇಳಿದಿತ್ತು. ಘಾಟಿ ಹತ್ತಿ ಬರುವ ಲಾರಿಗಳ ದೀಪ ಮೊದಲು ಕಾಣುತ್ತಿತ್ತು, ಸದ್ದು ಆಮೇಲೆ, ಲಾರಿ ಕೊನೆಗೆ. ಹೋಟೆಲಿನ ಅಕ್ಕ ಟೀ ತಂದಿಟ್ಟಳು. ಅತ್ತಿಗೆ ಲೋಟವನ್ನು ಮುಟ್ಟಲಿಲ್ಲ. ರಸ್ತೆ ಕೆಲಸದ ಲಾರಿ ಬಂದು ನಮ್ಮನ್ನು ದಾಟಿ ನಿಂತಿತು. ಹಿಂಬದಿಯಿಂದ ಐದಾರು ಜನ ಇಳಿದರು. ತಲೆಗೆ ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಂಡಿದ್ದ ಒಬ್ಬ ಬೇರೆಯಾಗಿ, ನಮಗೆ ಬೆನ್ನು ಹಾಕಿ, ರಸ್ತೆಯ ಅಂಚಿನಲ್ಲಿ ಮುಂದಕ್ಕೆ ನಡೆದ.

ನಾನು ನೋಡಿದ್ದನ್ನು ನೋಡಿದಷ್ಟೇ ಹೇಳುತ್ತೇನೆ. ಎಡಗಾಲು ಊರಿದಾಗ ಸೊಂಟ ಇಳಿಯಿತು. ಬಲಗಾಲಿಗೆ ಎದ್ದಿತು. ಎಡ ಹೆಗಲು ಒಂದು ಕ್ಷಣ ಮೊದಲೇ ಸಿದ್ಧವಾಯಿತು. ಇದನ್ನು ನಾನು ಒಂದೊಂದೇ ಚಿತ್ರವಾಗಿ ಬಲ್ಲವನು. ನನ್ನ ಕೈ ಬೆಂಚಿನ ಅಂಚನ್ನು ಹಿಡಿದುಕೊಂಡಿತು. ಅವನೇ ಎಂದು ನನ್ನ ಮೈಗೆಲ್ಲ ಗೊತ್ತಾಯಿತು.

ಅತ್ತಿಗೆ ಎದ್ದು ರಸ್ತೆಯ ಅಂಚಿಗೆ ಹೋದರು. ಅವರು ಅಣ್ಣನನ್ನು ಹೆಸರು ಹಿಡಿದು ಕರೆದವರಲ್ಲ. ತೋಟದ ಆ ತುದಿಯಲ್ಲಿದ್ದರೂ ಒಂದೇ ಕೂಗು.

"ಇವ್ರೇ!"

ಆ ಮನುಷ್ಯ ನಿಂತ. ತಿರುಗಿದ.

ಚೀಲದ ಕೊಪ್ಪೆಯೊಳಗೆ ಕಪ್ಪು, ಅಗಲ ಮುಖ, ಗಡ್ಡ ಅರ್ಧ ನೆರೆತಿತ್ತು, ಕೆಳತುಟಿ ದಪ್ಪ. ಅಣ್ಣನಿಗಿಂತ ಹತ್ತು ವರ್ಷವಾದರೂ ದೊಡ್ಡವನು. ಅಣ್ಣನ ಯಾವುದೂ ಅಲ್ಲಿರಲಿಲ್ಲ. ಅವನು ನಮ್ಮ ಕಡೆ ನಡೆದು ಬಂದ, ಎದುರಿನಿಂದಲೂ ಅದೇ ನಡಿಗೆಯಲ್ಲಿ.

"ನನ್ನ ಕರೆದ್ರಾ ಅವ್ವ?"

ವಿಷಯವನ್ನು ನಾನು ಹೇಳಿದೆ. ಹೋಟೆಲಿನ ಅಕ್ಕ ಬಾಗಿಲಿಗೆ ಬಂದು ಬಾಯಿಗೆ ಸೆರಗು ಮುಚ್ಚಿಕೊಂಡು ನಿಂತಳು. "ತಪ್ಪಾಗ್ಬುಡ್ತು ಕಣವ್ವ. ಟೀವೀಲೂ ಕಾಲೇ ನೋಡ್ದೆ, ಇಲ್ಲೂ ಕಾಲೇ ನೋಡ್ದೆ. ಮಖದ ಕಡೆ ಕಣ್ಣೇ ಹೋಗ್ಲಿಲ್ಲ. ಗೆರೆ ಅಲ್ಲೇ ಇತ್ತಲ್ಲ!"

"ನಿನ್ನದೇನ್ ತಪ್ಪು ಬುಡಕ್ಕ. ನನ್ನ ಮಖ ನೋಡೋಕೆ ಅದೇನ್ ಚಂದ ಐತೆ" ಎಂದು ಆತ ಚೀಲ ತೆಗೆದು ಕೊಡವಿದ. "ನಂದು ಪೋಲಿಯೋ. ಎಲ್ಡು ವರ್ಷದ ಕೂಸಿಗೆ ಬಂದದ್ದು. ನಿಮ್ಮೋರಿಗೆ?"

"ಮರ ಬಿದ್ದು" ಎಂದೆ.

ಆತ ತಲೆಯಾಡಿಸಿದ. ಇಂಥ ವಿಷಯದಲ್ಲಿ ಒಬ್ಬರಿಗೊಬ್ಬರು ಕೊಡುವ ಮರ್ಯಾದೆ ಅದರಲ್ಲಿತ್ತು. ಹೊರಡಲು ಚೀಲವನ್ನು ಮತ್ತೆ ತಲೆಗೇರಿಸಿದ. ಆಗ ಅತ್ತಿಗೆ ಕೇಳಿದರು:

"ಅಣ್ಣ, ಇನ್ನೊಂದು ಸಲ ನಡೀತೀಯಾ?"

ಹೋಟೆಲಿನ ಅಕ್ಕ, "ಅಯ್ಯೋ, ಏನವ್ವ ನೀನು ಕೇಳೋದು!" ಎಂದಳು. ಕಾಲು ಎಳೆಯುವ ಒಬ್ಬ ಅಪರಿಚಿತನನ್ನು ನಡೆದು ತೋರಿಸು ಎಂದು ಕೇಳುವುದು ಬೈಗುಳಕ್ಕಿಂತ ಕಡಿಮೆಯದಲ್ಲ. ಲಾರಿಯ ಕಡೆಯಿಂದ ಯಾರೋ "ಬರ್ತೀಯೇನೋ ಮಾರಾಯ" ಎಂದು ಕೂಗಿದರು.

ಆತ ಅತ್ತಿಗೆಯ ಮುಖವನ್ನು ನೋಡಿದ. "ನನ್ನ ನಡಿಗೆ ನೋಡಿ ನಕ್ಕೋರು ಅವ್ರೆ. ಕಣ್ಣು ತಿರುಗ್ಸಿದೋರು ಅವ್ರೆ. ಇನ್ನೊಂದು ಸಲ ನಡಿ ಅಂದೋರು ಯಾರೂ ಇರ್ಲಿಲ್ಲ" ಎಂದ. ಆಮೇಲೆ ಕೇಳಿದ: "ನಿಮ್ಮೋರು ಬಿರಬಿರ್ನೆ ನಡೀತಿದ್ರಾ, ನಿಧಾನಕ್ಕಾ?"

"ನಿಧಾನಕ್ಕೆ."

"ಎಲ್ಲಿಗಂಟ ಹೋಗ್ಲಿ?"

ಅತ್ತಿಗೆ ಕೈ ತೋರಿಸಿದರು. ಮುಂದೆ ರಸ್ತೆಯ ಪಕ್ಕದಲ್ಲಿ ಒಂದು ಮೋರಿಯ ಕಟ್ಟೆ ಮಂಜಿನಲ್ಲಿ ಮಸುಕಾಗಿ ಕಾಣುತ್ತಿತ್ತು. "ಅಲ್ಲಿಗಂಟ. ಹಿಂದಕ್ಕೆ ತಿರುಗಿ ನೋಡ್ಬ್ಯಾಡ ಅಣ್ಣ."

ಆತ ತಿರುಗಿ ನಡೆದ. ಅವಸರ ಮಾಡಲಿಲ್ಲ. ಕಾಲನ್ನು ಮರೆಮಾಚಲಿಲ್ಲ, ಹೆಚ್ಚು ಮಾಡಿಯೂ ತೋರಿಸಲಿಲ್ಲ. ಅತ್ತಿಗೆ ರಸ್ತೆಯ ಅಂಚಿನಲ್ಲಿ ನಿಂತಿದ್ದರು. ನಾನು ಅವರ ಎಡಕ್ಕೆ, ಒಂದು ಹೆಜ್ಜೆ ಹಿಂದೆ. ಅವರ ತುಟಿ ಅಲುಗುತ್ತಿತ್ತು. ಮಾತು ಕೇಳಿಸಲಿಲ್ಲ, ನಾನು ಕೇಳಿಸಿಕೊಳ್ಳಲು ಯತ್ನಿಸಲೂ ಇಲ್ಲ. ಆತನ ಬೆನ್ನು ಮಸುಕಾಯಿತು, ಮೋರಿಯ ಕಟ್ಟೆಯನ್ನು ಮುಟ್ಟಿತು. ಅಲ್ಲಿಯೂ ಅವನು ತಿರುಗಲಿಲ್ಲ. ಘಾಟಿಯ ಕಡೆ ಮುಖ ಮಾಡಿ ಕಟ್ಟೆಯ ಮೇಲೆ ಕೂತುಬಿಟ್ಟ. ಅತ್ತಿಗೆ ಸಾಕು ಎನ್ನಲಿಲ್ಲ. ಎಷ್ಟು ಹೊತ್ತು ಹಾಗೆ ಇದ್ದೆವೋ ಹೇಳಲಾರೆ. ಲಾರಿಯಿಂದ ಯಾರೂ ಮತ್ತೆ ಕೂಗಲಿಲ್ಲ. ಕಡೆಗೆ ಹೋಟೆಲಿನ ಅಕ್ಕನೇ ದನಿ ತೆಗೆದಳು: "ತಿಂಡಿ ಆರೋಗ್ತದೆ, ಬಾರಣ್ಣ."

ಆತ ಬಂದು ತಿಂಡಿ ತಿಂದು ಕೆಲಸಕ್ಕೆ ಹೋದ. ಅತ್ತಿಗೆ ಆರಿದ ಟೀಯನ್ನು ಕುಡಿದು ಮುಗಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ, ದೋಣಿಗಾಲ್ ದಾಟಿದ ಮೇಲೆ, "ಟೀವೀಲಿ ನಿಲ್ಲುಸ್ಬುಡು ಕಣಪ್ಪ. ಪಾಪ, ಕುಂಟೋರ್ನೆಲ್ಲ ಎಷ್ಟು ಅಂತ ಕರೀತೀಯ" ಎಂದರು. ಮಾರನೆಯ ದಿನ ನಿಲ್ಲಿಸಿದೆವು. ಅಣ್ಣ ಬರಲಿಲ್ಲ. ಸುದ್ದಿಯೂ ಬರಲಿಲ್ಲ. ತಿಥಿ ಮಾಡಿ ಮುಗಿಸಿಬಿಡಿ ಎಂದು ನೆಂಟರು ಹೇಳಿದರು, ಅತ್ತಿಗೆ ಒಪ್ಪಲಿಲ್ಲ. ಯಾವ ಫೋಟೋದ ಮೇಲೂ ಅವನ ತಲೆಗೆ ಸುತ್ತು ಬಿದ್ದಿಲ್ಲ.

ಮಾರನಹಳ್ಳಿಯ ರಸ್ತೆಯಲ್ಲಿ ಒಬ್ಬ ಮನುಷ್ಯ ನನ್ನ ಅತ್ತಿಗೆಗಾಗಿ ಮೋರಿಯವರೆಗೆ ನಡೆದದ್ದನ್ನು ನಾನು ಕಣ್ಣಾರೆ ನೋಡಿದೆ. ನಾನಲ್ಲದೆ ನೋಡಿದವರು ಇವರು. ಲಾರಿಯ ಚಾಲಕ ತೀರಿಕೊಂಡರೆಂದು ಕೇಳಿದ್ದೇನೆ. ಲಾರಿಯ ಬಳಿ ನಿಂತಿದ್ದ ಉಳಿದವರು ಯಾರೆಂದು ನನಗೆ ಗೊತ್ತಿಲ್ಲ. ಹೋಟೆಲಿನ ಅಕ್ಕ ಇದ್ದಾಳೆ. ಹೋಟೆಲು ಈಗಿಲ್ಲ, ಮಗಳ ಮನೆಯಲ್ಲಿದ್ದಾಳೆ, ಕೇಳಿದರೆ ಹೇಳುತ್ತಾಳೆ. ಅತ್ತಿಗೆ ಇದ್ದಾರೆ.